ನೀರು ತಿಳಿಯಾಗಿತ್ತು, ಆದರೂ ಏಳು ಜನಕ್ಕೆ ಗುಳ್ಳೆ: ನಮ್ಮ ಮನೆಯ ಹಾಟ್ ಟಬ್ ಪ್ರಕರಣ

2024ರ ನರಕ ಚತುರ್ದಶಿ ಗುರುವಾರ ಬಂದಿತ್ತು, ಅಕ್ಟೋಬರ್ 31. ಅಮೆರಿಕದಲ್ಲಿ ಅವತ್ತು ಯಾರಿಗೂ ರಜೆ ಇಲ್ಲ, ಮಕ್ಕಳಿಗೆ ಹ್ಯಾಲೋವೀನ್ ಬೇರೆ. ಹಾಗಾಗಿ ನಮ್ಮ ಎಣ್ಣೆಸ್ನಾನ ಶನಿವಾರಕ್ಕೆ, ಬಲಿಪಾಡ್ಯಮಿಗೆ ಜಾರಿತು. ನಾರ್ತ್ ಕ್ಯಾರೋಲಿನಾದ ಕ್ಯಾರಿಯಲ್ಲಿರುವ ನಮ್ಮ ಮನೆಗೆ ಮೂರು ಸಂಸಾರ ಬಂದವು. ಮಕ್ಕಳ ತಲೆಗೆ ಕೊಬ್ಬರಿ ಎಣ್ಣೆ ಒತ್ತಿದ್ದಾಯಿತು. ಹೋಳಿಗೆ ಊಟವಾಯಿತು. ಸಂಜೆ ಚಳಿ ಏರುತ್ತಿದ್ದ ಹಾಗೆ ಎಲ್ಲರ ಕಣ್ಣು ಹಿತ್ತಲಿನ ಹಾಟ್ ಟಬ್ ಮೇಲೆ ಬಿತ್ತು.

ಆರು ಜನ ಕೂರುವ ಬಿಸಿನೀರಿನ ಟಬ್ ಅದು. 380 ಗ್ಯಾಲನ್, ಅಂದರೆ ಸುಮಾರು 1,440 ಲೀಟರ್ ನೀರು ಹಿಡಿಯುತ್ತದೆ. ಅವತ್ತು ಎರಡು ಪಾಳಿಯಲ್ಲಿ ಒಂಬತ್ತು ಜನ ಇಳಿದರು. ಮೊದಲು ನಾಲ್ಕು ಜನ ದೊಡ್ಡವರು, ಮುಕ್ಕಾಲು ಗಂಟೆ. ಆಮೇಲೆ ಐದು ಮಕ್ಕಳು, ಹತ್ತಿರ ಹತ್ತಿರ ಒಂದು ಗಂಟೆ. ಅವರನ್ನು ಎಬ್ಬಿಸೋಕೆ ಐಸ್‌ಕ್ರೀಮ್ ತೋರಿಸಬೇಕಾಯಿತು.

ಅಪ್ಪ ಮಾತ್ರ ಇಳಿಯಲಿಲ್ಲ. ತೀರ್ಥಹಳ್ಳಿಯಿಂದ ಆರು ತಿಂಗಳಿಗೆಂದು ಬಂದಿದ್ದರು. ವಯಸ್ಸು 72, ಬೀಡಿ ಬಿಟ್ಟು ಹತ್ತು ವರ್ಷವಾಗಿದೆ. ಟಬ್ಬಿನ ಪಕ್ಕ ಕುರ್ಚಿ ಹಾಕಿಕೊಂಡು, ಶಾಲು ಹೊದ್ದು, ಹಬೆಯ ನಡುವೆ ಕೂತಿದ್ದರು.

"ಇದೇನೋ, ದಿನಾ ಇದೇ ನೀರಾ?"

"ಹೌದಪ್ಪ. ಔಷಧಿ ಹಾಕ್ತೀವಿ."

"ಎಷ್ಟು ದಿನದಿಂದ ಇದೆ?"

ಜೂನ್‌ನಿಂದ ಅಂತ ಹೇಳಿದೆ. ಅವರು ಮತ್ತೇನೂ ಅನ್ನಲಿಲ್ಲ. ನಮ್ಮೂರಲ್ಲಿ ಬಚ್ಚಲ ಹಂಡೆಯ ನೀರನ್ನು ಚೊಂಬಿನಲ್ಲಿ ಮೊಗೆದು ಹುಯ್ದುಕೊಳ್ಳುತ್ತೇವೆ. ಮೈ ಮುಟ್ಟಿದ ನೀರು ಸೀದಾ ಬಾಳೆಬುಡಕ್ಕೆ ಹೋಗುತ್ತದೆ. ನಾಲ್ಕೂವರೆ ತಿಂಗಳು ಅದೇ ನೀರಲ್ಲಿ ಕೂರುವುದು ಅವರಿಗೆ ಹೇಗೆ ಕಂಡಿರಬಹುದು ಅಂತ ನಾನು ಆಗ ಯೋಚಿಸಲಿಲ್ಲ.

ಭಾನುವಾರ ರಾತ್ರಿ ದೊಡ್ಡ ಮಗಳು ಬೆನ್ನು ಕೆರೆದುಕೊಳ್ಳೋಕೆ ಶುರು ಮಾಡಿದಳು. ಸೋಮವಾರ ಬೆಳಗ್ಗೆ ನನ್ನ ಸೊಂಟದ ಸುತ್ತ ಕೆಂಪು ಗುಳ್ಳೆ. ಮಧ್ಯಾಹ್ನದ ಹೊತ್ತಿಗೆ ಗೆಳೆಯರ ಮನೆಗಳಿಂದ ಫೋಟೋಗಳು ಬರತೊಡಗಿದವು. ಒಂಬತ್ತರಲ್ಲಿ ಏಳು ಜನಕ್ಕೆ ಒಂದೇ ತರಹದ ಗುಳ್ಳೆ. ಕೂದಲಿನ ಬುಡದಲ್ಲಿ ಎದ್ದ ಸಣ್ಣ ಕೆಂಪು ಗುಳ್ಳೆಗಳು, ಕೆಲವುಕ್ಕೆ ತುದಿಯಲ್ಲಿ ಕೀವು. ಜಾಸ್ತಿ ಇದ್ದದ್ದು ಈಜುಡುಪು ಮುಚ್ಚಿದ್ದ ಜಾಗದಲ್ಲಿ.

ಮೊದಲು ಬೈಸಿಕೊಂಡಿದ್ದು ಕೊಬ್ಬರಿ ಎಣ್ಣೆ. ಆಮೇಲೆ ಹೋಳಿಗೆ. ಆಮೇಲೆ ನನ್ನ ಹೆಂಡತಿ ಹೊಸದಾಗಿ ತಂದಿದ್ದ ಬಟ್ಟೆ ಸೋಪು. ಕ್ಲಿನಿಕ್‌ನ ಡಾಕ್ಟರ್ ಮಗಳ ಬೆನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು: ಹಾಟ್ ಟಬ್‌ನಲ್ಲಿ ಕೂತಿದ್ದಿರಾ? ಒಂದು ಗುಳ್ಳೆಯಿಂದ ಸ್ವಾಬ್ ತೆಗೆದರು. ಮೂರು ದಿನಕ್ಕೆ ರಿಪೋರ್ಟ್ ಬಂತು: ಸ್ಯೂಡೊಮೊನಾಸ್ ಎರುಜಿನೋಸಾ. ಬೆಚ್ಚಗಿನ ನೀರಲ್ಲಿ ಆರಾಮಾಗಿ ಬೆಳೆಯುವ ಬ್ಯಾಕ್ಟೀರಿಯಾ ಇದು. ಇದರಿಂದ ಏಳುವ ಗುಳ್ಳೆಗೆ ಇಲ್ಲಿ 'ಹಾಟ್ ಟಬ್ ರ‍್ಯಾಶ್' ಅಂತಲೇ ಹೆಸರು. ಒದ್ದೆ ಈಜುಡುಪು ನೀರನ್ನು ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ಅದಕ್ಕೇ ಅದರ ಕೆಳಗೆ ಜಾಸ್ತಿ ಏಳುತ್ತದೆ. ಸಾಮಾನ್ಯವಾಗಿ ಔಷಧಿ ಇಲ್ಲದೆ ಹೋಗುತ್ತದೆ ಅಂದರು. ಹಾಗೇ ಆಯಿತು, ಹತ್ತು ದಿನದೊಳಗೆ ಎಲ್ಲರಿಗೂ ವಾಸಿಯಾಯಿತು.

ಒಗಟು ಉಳಿದಿದ್ದು ನನಗೆ. ನಾನು ಕ್ಲೋರಿನ್ ಪುಡಿ ಹಾಕೋದು ಬಿಟ್ಟವನಲ್ಲ. ದಿನ ಬಿಟ್ಟು ದಿನ, ಎರಡು ಟೀ ಚಮಚ, ತಪ್ಪದೆ. ಶನಿವಾರ ಬೆಳಗ್ಗೆಯೂ ಹಾಕಿ, ನೀರು ಪರೀಕ್ಷಿಸುವ ಸ್ಟ್ರಿಪ್ ಅದ್ದಿ ನೋಡಿದ್ದೆ. ಕ್ಲೋರಿನ್ 3, ಪಿಎಚ್ (ಆಮ್ಲ-ಕ್ಷಾರದ ಅಳತೆ) 7.4. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹಾಟ್ ಟಬ್‌ಗೆ ಹೇಳುವುದೂ ಇದನ್ನೇ: ಕ್ಲೋರಿನ್ ಕನಿಷ್ಠ 3 ಪಿಪಿಎಂ (ಲೀಟರಿಗೆ 3 ಮಿಲಿಗ್ರಾಂ), ಪಿಎಚ್ 7.0ರಿಂದ 7.8. ನೀರು ತಳದ ಸ್ಕ್ರೂ ಕಾಣುವಷ್ಟು ತಿಳಿ. ಸೋಮವಾರ ಪಾಳಿ ಪ್ರಕಾರ ಪುಡಿ ಹಾಕಿ, ಸಂಜೆ ನೋಡಿದರೆ ಸ್ಟ್ರಿಪ್‌ನಲ್ಲಿ ಮತ್ತೆ 3. ಕವರ್ ಎತ್ತಿದರೆ ಕ್ಲೋರಿನ್ ವಾಸನೆ ಗಮ್ ಅಂತ ಮೂಗಿಗೆ ಹೊಡೆಯಿತು. ಇಷ್ಟು ಕ್ಲೋರಿನ್ ಇದ್ದೂ ಬ್ಯಾಕ್ಟೀರಿಯಾ ಬದುಕಿದ್ದು ಹೇಗೆ?

ಇದಕ್ಕೆ ಉತ್ತರ ಒಂದೇ ಕಡೆ ಸಿಗಲಿಲ್ಲ. ಸಿಕ್ಕ ಕ್ರಮದಲ್ಲೇ ಹೇಳುತ್ತೇನೆ.

ಮೊದಲ ಸುಳಿವು ಅಪ್ಪ ಕೊಟ್ಟಿದ್ದು

ಮಂಗಳವಾರ ನಾನು ಟಬ್ಬಿನ ಪಕ್ಕ ಸ್ಟ್ರಿಪ್ ಹಿಡಿದು ನಿಂತಿದ್ದೆ. ಅಪ್ಪ ಬಂದು ತಲೆದಿಂಬಿನ ಮೇಲೆ ಕೈ ಇಟ್ಟರು. ಸ್ಪಂಜಿನಂಥ ಆ ದಿಂಬುಗಳನ್ನು ಟಬ್ಬಿನ ಅಂಚಿಗೆ ಸಿಕ್ಕಿಸಿರುತ್ತಾರೆ. ಅದನ್ನು ಕಿತ್ತು, ಹಿಂದಿನ ಗೋಡೆಯನ್ನು ಬೆರಳಲ್ಲಿ ಉಜ್ಜಿದರು.

"ಮುಟ್ಟಿ ನೋಡು. ಲೋಳೆ."

ಮುಟ್ಟಿದೆ. ಮಳೆಗಾಲದಲ್ಲಿ ತೋಟದ ತೊಟ್ಟಿಯ ಗೋಡೆ ಹೇಗೆ ಜಾರುತ್ತದೋ ಹಾಗೆ ಜಾರಿತು. ಬಣ್ಣವಿಲ್ಲ, ಕಣ್ಣಿಗೆ ಕಾಣೋದೂ ಇಲ್ಲ.

"ಇಲ್ಲೇ ಹೀಗಿದ್ರೆ ಪೈಪೊಳಗೆ ಹೇಗಿರಬೇಡ?"

ಬ್ಯಾಕ್ಟೀರಿಯಾಗಳು ಒಂಟಿಯಾಗಿ ನೀರಲ್ಲಿ ತೇಲುತ್ತಿದ್ದರೆ ಕ್ಲೋರಿನ್ ಅವನ್ನು ಬೇಗ ಮುಗಿಸುತ್ತದೆ. ಆದರೆ ಅವು ಯಾವುದಾದರೂ ಮೇಲ್ಮೈಗೆ ಅಂಟಿಕೊಂಡು ಸುತ್ತ ಲೋಳೆ ಕಟ್ಟಿಕೊಳ್ಳುತ್ತವೆ. ಬಯೋಫಿಲ್ಮ್ ಅನ್ನುವುದು ಇದನ್ನೇ. ಕ್ಲೋರಿನ್ ಆ ಲೋಳೆಯ ಮೇಲ್ಪದರವನ್ನು ಸುಡುವಷ್ಟರಲ್ಲೇ ಖರ್ಚಾಗುತ್ತದೆ. ಒಳಗಿನವು ಹಾಯಾಗಿರುತ್ತವೆ. ಹಾಟ್ ಟಬ್ಬಿನ ಹೊಟ್ಟೆಯೊಳಗೆ ಮಾರುಗಟ್ಟಲೆ ಪೈಪು ಇರುತ್ತದೆ. ನೀರು, ಗಾಳಿ ಚಿಮ್ಮಿಸುವ ಜೆಟ್ ಹಾಕಿದಾಗ ಮಾತ್ರ ಅದರಲ್ಲಿ ನೀರು ಜೋರಾಗಿ ಓಡುತ್ತದೆ. ಉಳಿದ ಹೊತ್ತು ಬೆಚ್ಚಗೆ ನಿಂತಿರುತ್ತದೆ. ಲೋಳೆಗೆ ಇದಕ್ಕಿಂತ ಒಳ್ಳೆ ಮನೆ ಬೇಡ.

ನಮ್ಮದು ಎಂಟು ವರ್ಷ ಹಳೆಯ ಟಬ್. ಮನೆಯ ಜೊತೆಗೇ ಬಂದಿತ್ತು. ಹಿಂದಿನವರು ನೀರು ಖಾಲಿ ಮಾಡಿ ಕವರ್ ಹಾಕಿ ಹೋಗಿದ್ದರು. ಒಳಗೆ ಒಣಗಿತ್ತು, ಥಳಥಳ ಹೊಳೆಯುತ್ತಿತ್ತು. ನಾನು ಅಷ್ಟಕ್ಕೇ ಮರುಳಾದೆ. ತಳದ ನಲ್ಲಿ ಬಿಚ್ಚಿದರೂ ಪೈಪುಗಳ ಬಾಗಿನಲ್ಲಿ ನೀರು ಉಳಿದೇ ಇರುತ್ತದೆ. ಅದು ತಿಂಗಳುಗಟ್ಟಲೆ ಕತ್ತಲಲ್ಲಿ ಕೊಳೆತಿತ್ತು. ಅದರ ಮೇಲೆ ನಾನು ಹೊಸ ನೀರು ತುಂಬಿದೆ, ಅಷ್ಟೆ.

ಕತ್ತಿ ಅದ್ದಿ ನೋಡುವುದು

ಅಪ್ಪನ ಎರಡನೇ ಪ್ರಶ್ನೆ ಸ್ಟ್ರಿಪ್ ಬಗ್ಗೆ. ಅಡಿಕೆಗೆ ಕೊಳೆರೋಗ ಬಾರದಿರಲಿ ಅಂತ ನಮ್ಮಲ್ಲಿ ಬೋರ್ಡೋ ಹೊಡೆಯುತ್ತಾರೆ. ಮೈಲುತುತ್ತದ ನೀರಿಗೆ ಸುಣ್ಣದ ತಿಳಿ ಸೇರಿಸಿದ ಮೇಲೆ, ಹೊಳೆಯುವ ಹಾಗೆ ಉಜ್ಜಿದ ಕತ್ತಿಯನ್ನು ಅದ್ದಿ ನೋಡುವುದು ಹಳೆಯ ರೂಢಿ. ಅಲಗಿನ ಮೇಲೆ ಕೆಂಪು ಕೂತರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು ಅಂತ ಅರ್ಥ. ಅದನ್ನೇ ಹೊಡೆದರೆ ಹಿಂಗಾರ, ಕಾಯಿ ಸುಟ್ಟುಹೋಗುತ್ತದೆ. ಕತ್ತಿ ಬಿಡಿ ತಾಮ್ರವನ್ನು ಮಾತ್ರ ಹೇಳುತ್ತದೆ. ಸುಣ್ಣದ ಜೊತೆ ಕೂಡಿದ್ದನ್ನು ಹೇಳುವುದಿಲ್ಲ.

"ಈ ಪಟ್ಟಿ ಯಾವುದನ್ನ ಹೇಳುತ್ತೆ? ಬಿಡಿಯಾಗಿರೋದನ್ನೋ, ಕೂಡಿಕೊಂಡಿರೋದನ್ನೋ?"

ಡಬ್ಬ ತಿರುಗಿಸಿ ಓದಿದೆ. ಸ್ಟ್ರಿಪ್‌ನಲ್ಲಿ ಕ್ಲೋರಿನ್‌ಗೆ ಎರಡು ಚೌಕವಿತ್ತು, ಒಂದು ಫ್ರೀ (ಬಿಡಿಯಾಗಿರುವುದು), ಒಂದು ಟೋಟಲ್ (ಬಿಡಿ, ಕೂಡಿದ್ದು ಎರಡೂ ಸೇರಿ). ಐದು ತಿಂಗಳಿಂದ ನಾನು ನೋಡುತ್ತಿದ್ದದ್ದು ಟೋಟಲ್. ನಾಚಿಕೆಯಾಯಿತು, ಸುಳ್ಳು ಹೇಳಲ್ಲ.

ಬೆವರಿನಲ್ಲಿ ಅಮೋನಿಯಾ, ಯೂರಿಯಾ ಇರುತ್ತವೆ. ಕ್ಲೋರಿನ್ ಅವುಗಳ ಜೊತೆ ಸೇರಿ ಕ್ಲೋರಮೈನ್ ಆಗುತ್ತದೆ. ಇದಕ್ಕೆ ಕೊಲ್ಲುವ ಶಕ್ತಿ ತೀರಾ ಕಮ್ಮಿ. ಟೋಟಲ್ ಚೌಕದಲ್ಲಿ ಇದೂ ಎಣಿಕೆಗೆ ಬರುತ್ತದೆ. 'ಕ್ಲೋರಿನ್ ವಾಸನೆ' ಅಂತ ನಾವು ಸಮಾಧಾನ ಪಡುವ ಆ ಗಾಟು ಹೆಚ್ಚಾಗಿ ಇದರದ್ದೇ. ಅಂದರೆ ವಾಸನೆ ಜೋರಾಗಿದ್ದರೆ ನೀರು ಶುದ್ಧ ಅಂತಲ್ಲ, ಕ್ಲೋರಿನ್ ಸೋಲುತ್ತಿದೆ ಅಂತ.

ಹನಿ ಹಾಕಿ ಎಣಿಸುವ ಟೆಸ್ಟ್ ಕಿಟ್ ತರಿಸಿದೆ, ಸುಮಾರು 80 ಡಾಲರ್ ಆಯಿತು. ನೀರಿಗೆ ಪುಡಿ ಹಾಕಿದರೆ ಗುಲಾಬಿ ಬಣ್ಣ ಬರುತ್ತದೆ. ಅದು ಮಾಯವಾಗುವ ತನಕ ಇನ್ನೊಂದು ದ್ರವದ ಹನಿ ಎಣಿಸಬೇಕು. ಬಣ್ಣದ ಚಾರ್ಟಿಗೆ ಹೋಲಿಸಿ ಅನುಮಾನಿಸುವ ಕೆಲಸವಿಲ್ಲ. ಫಲಿತಾಂಶ: ಫ್ರೀ ಕ್ಲೋರಿನ್ 0.5, ಟೋಟಲ್ 3.5. ನಾನು ಮೂರು ಅಂದುಕೊಂಡಿದ್ದರಲ್ಲಿ ಕೆಲಸಕ್ಕೆ ಬರುವುದು ಬರೀ ಅರ್ಧ ಪಿಪಿಎಂ.

ಆ ಅರ್ಧಕ್ಕೂ ಕೈಕಾಲು ಕಟ್ಟಿತ್ತು ಅಂತ ಗೊತ್ತಾಗಿದ್ದು ಆಮೇಲೆ.

ಪುಡಿಯ ಅರ್ಧ ಭಾಗ

ನಾನು ಹಾಕುತ್ತಿದ್ದ ಹರಳು ಪುಡಿಗೆ ಡೈಕ್ಲೋರ್ ಅಂತಾರೆ. ಹಾಟ್ ಟಬ್ ಅಂಗಡಿಯಲ್ಲಿ ಮೊದಲು ಕೊಡುವುದೇ ಇದನ್ನು. ಬೇಗ ಕರಗುತ್ತದೆ, ಪಿಎಚ್ ಏರುಪೇರು ಮಾಡಲ್ಲ, ಬಳಸೋಕೆ ಸುಲಭ. ಆದರೆ ಅದರಲ್ಲಿ ಕ್ಲೋರಿನ್ ಒಂದೇ ಇರುವುದಿಲ್ಲ. ತೂಕದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಸಯನೂರಿಕ್ ಆಸಿಡ್ ಆಗಿ ನೀರಿನಲ್ಲಿ ಉಳಿಯುತ್ತದೆ. ಕ್ಲೋರಿನ್ ಖರ್ಚಾಗುತ್ತದೆ, ಇದು ಆಗುವುದಿಲ್ಲ. ಆವಿಯೂ ಆಗಲ್ಲ. ನೀರು ಬದಲಿಸುವ ತನಕ ಕೂಡುತ್ತಲೇ ಹೋಗುತ್ತದೆ.

ನನ್ನ ಡಬ್ಬ 900 ಗ್ರಾಂನದು. ತಳದಲ್ಲಿ 200 ಗ್ರಾಂ ಉಳಿದಿತ್ತು. ಅಂದರೆ 700 ಗ್ರಾಂ ಒಳಗೆ ಹೋಗಿದೆ. ಅದರಲ್ಲಿ ಅರ್ಧ, 350 ಗ್ರಾಂ, ಸಯನೂರಿಕ್ ಆಸಿಡ್. 1,440 ಲೀಟರಿಗೆ ಭಾಗಿಸಿದರೆ ಲೀಟರಿಗೆ 240 ಮಿಲಿಗ್ರಾಂ ಚಿಲ್ಲರೆ, ಅಂದರೆ 240 ಪಿಪಿಎಂ. ಕಿಟ್‌ನಲ್ಲಿ ಇದನ್ನು ಅಳೆಯುವ ಕೊಳವೆ ಇದೆ. ನೀರು ಹಾಲಿನಂತಾಗಿ ತಳದ ಕಪ್ಪು ಚುಕ್ಕೆ ಯಾವಾಗ ಮರೆಯಾಗುತ್ತದೆ ಅಂತ ನೋಡುವುದು. ನಮ್ಮ ನೀರಿನಲ್ಲಿ ಚುಕ್ಕೆ ತಕ್ಷಣ ಮಾಯ, ಅಳತೆಗೆ ಸಿಗಲಿಲ್ಲ. ಒಂದು ಪಾಲಿಗೆ ಮೂರು ಪಾಲು ನಲ್ಲಿ ನೀರು ಬೆರೆಸಿ ಮತ್ತೆ ಮಾಡಿದೆ. 60 ಬಂತು. ನಾಲ್ಕು ಪಟ್ಟು ಮಾಡಿದರೆ 240. ಕಾಗದದ ಲೆಕ್ಕ, ಕೊಳವೆಯ ಲೆಕ್ಕ ಎರಡೂ ಇಷ್ಟು ಹತ್ತಿರ ಬಂದಿದ್ದು ನನಗೂ ಆಶ್ಚರ್ಯ.

ಬಿಸಿಲಿಗೆ ತೆರೆದ ಈಜುಕೊಳದಲ್ಲಿ ಸಯನೂರಿಕ್ ಆಸಿಡ್‌ಗೆ ಕೆಲಸವಿದೆ. ಬಿಸಿಲು ಕ್ಲೋರಿನ್ನನ್ನು ತಿನ್ನದ ಹಾಗೆ ಅದು ಹಿಡಿದಿಟ್ಟುಕೊಳ್ಳುತ್ತದೆ. ಆದರೆ ಹಿಡಿದಿಟ್ಟ ಕ್ಲೋರಿನ್ ಬ್ಯಾಕ್ಟೀರಿಯಾವನ್ನೂ ಬೇಗ ಕೊಲ್ಲಲಾರದು. ಇದು ಜಾಸ್ತಿಯಾದಷ್ಟೂ ಕೆಲಸ ಮಾಡುವ ಕ್ಲೋರಿನ್ ಕಮ್ಮಿಯಾಗುತ್ತದೆ. ಇಲ್ಲಿ ಇನ್ನೊಂದು ಪೇಚು ಇದೆ. ಈ ಹಿಡಿದಿಟ್ಟ ಕ್ಲೋರಿನ್ ಕೂಡ ಟೆಸ್ಟ್‌ನಲ್ಲಿ 'ಫ್ರೀ' ಅಂತಲೇ ಬರುತ್ತದೆ. ಹನಿ ಎಣಿಸಿದರೂ ಅಷ್ಟೆ. ಅಪ್ಪನ ಕತ್ತಿಗೆ ಇರುವ ನಿಯತ್ತು ನಮ್ಮ ಕಿಟ್‌ಗೆ ಇಲ್ಲ. ಹಾಟ್ ಟಬ್‌ನಲ್ಲಿ ಸಯನೂರಿಕ್ ಆಸಿಡ್ ಇರುವ ಕ್ಲೋರಿನ್ ಬೇಡ ಅಂತ ಸಿಡಿಸಿ ಹೇಳುತ್ತದೆ. ಕವರ್ ಮುಚ್ಚಿದ ಟಬ್ಬಿಗೆ ಬಿಸಿಲು ಬೀಳುವುದೇ ಕಮ್ಮಿ, ಮತ್ತೇಕೆ ಬೇಕು ಅಲ್ವಾ?

ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಸಿಟ್ಟು ತರಿಸಿದ್ದು ಈ ಭಾಗ. ನಾನು ತಪ್ಪದೆ ಪುಡಿ ಹಾಕಿದಷ್ಟೂ ಪುಡಿಯೇ ಕ್ಲೋರಿನ್ನಿನ ಕೈ ಕಟ್ಟುತ್ತಾ ಬಂದಿತ್ತು. ಮರೆತು ಮರೆತು ಹಾಕುವ ಸೋಮಾರಿಗೆ ಈ ತೊಂದರೆ ನಿಧಾನವಾಗಿ ಬರುತ್ತಿತ್ತು!

54 ಗ್ರಾಂ ಬೇಕಿತ್ತು, ಇದ್ದದ್ದು 4

ಗುಳ್ಳೆ ಏಳದೆ ಪಾರಾದ ಇಬ್ಬರನ್ನು ಮರೆತಿದ್ದೆ. ಒಬ್ಬ ಹುಡುಗ ಕಾಲು ಮಾತ್ರ ಇಳಿಬಿಟ್ಟು ಕೂತಿದ್ದ, ಅದು ಅರ್ಥವಾಗುತ್ತದೆ. ಇನ್ನೊಬ್ಬರು ಗೆಳೆಯನ ಹೆಂಡತಿ. ಅವರು ಮೊದಲ ಪಾಳಿಯಲ್ಲಿ ಎಲ್ಲರಿಗಿಂತ ಮುಂಚೆ ಇಳಿದು, ಫೋನ್ ಬಂತು ಅಂತ ಹತ್ತು ನಿಮಿಷಕ್ಕೆ ಎದ್ದುಹೋಗಿದ್ದರು. ಕ್ಲೋರಿನ್ ಇನ್ನೂ ಒಂದಿಷ್ಟು ಉಳಿದಿದ್ದಾಗ ಎದ್ದವರು ಅವರೊಬ್ಬರೇ.

40 ಡಿಗ್ರಿ ನೀರಲ್ಲಿ ಕೂತರೆ ನಾವು ಬೆವರುತ್ತಲೇ ಇರುತ್ತೇವೆ, ನೀರೊಳಗೆ ಅದು ಗೊತ್ತಾಗಲ್ಲ. ಟಬ್ ಇಟ್ಟುಕೊಂಡವರ ನಡುವೆ ಒಂದು ಅಂದಾಜು ಓಡಾಡುತ್ತದೆ: ಒಬ್ಬರು ಒಂದು ಗಂಟೆ ಕೂತರೆ ಅವರು ಬಿಟ್ಟಿದ್ದನ್ನು ಸುಡೋಕೆ ಸುಮಾರು 9 ಗ್ರಾಂ ಕ್ಲೋರಿನ್ ಬೇಕು. ಅವತ್ತು ಎರಡೂ ಪಾಳಿಯಲ್ಲಿ ಒಬ್ಬೊಬ್ಬರು ಕೂತ ಹೊತ್ತನ್ನು, ಕಾಲು ಮಾತ್ರ ಇಳಿಬಿಟ್ಟ ಹುಡುಗನನ್ನು ಬಿಟ್ಟು, ಕೂಡಿಸಿದರೆ ಹೆಚ್ಚುಕಮ್ಮಿ ಆರು ಗಂಟೆ. ಅಂದರೆ 54 ಗ್ರಾಂ. ಟಬ್ಬಿನಲ್ಲಿ ನಿಜಕ್ಕೂ 3 ಪಿಪಿಎಂ ಇತ್ತು ಅಂತಲೇ ಇಟ್ಟುಕೊಳ್ಳಿ, ಒಟ್ಟು ಕ್ಲೋರಿನ್ 4.3 ಗ್ರಾಂ. ಎಲ್ಲವೂ ಒಂದೇ ಗಂಟೆಯಲ್ಲಿ ಖರ್ಚಾಗಬೇಕಿಲ್ಲ ನಿಜ. ಆದರೂ ದೊಡ್ಡವರ ಪಾಳಿ ಮುಗಿಯುವ ಮೊದಲೇ ನೀರಲ್ಲಿ ಕಾವಲು ಇರಲಿಲ್ಲ. ಇದರ ಮೇಲೆ ಐದು ಎಣ್ಣೆತಲೆ.

ಸಾಮಾನ್ಯ ಹಿತ್ತಲ ಈಜುಕೊಳದಲ್ಲಿ 75,000 ಲೀಟರ್ ನೀರಿರುತ್ತದೆ. ನಮ್ಮ ಟಬ್ಬಿನ ಐವತ್ತು ಪಟ್ಟು. ಟಬ್ಬಿನಲ್ಲಿ ನಾಲ್ಕು ಜನ ಕೂರುವುದು ಅಂದರೆ ಆ ಕೊಳದಲ್ಲಿ ಇನ್ನೂರು ಜನ ಇಳಿದ ಹಾಗೆ, ಅದೂ ಬಿಸಿನೀರಿಗೆ. ದಿನ ಬಿಟ್ಟು ದಿನ ಎರಡು ಚಮಚ ಅನ್ನುವ ನನ್ನ ಲೆಕ್ಕ ಕ್ಯಾಲೆಂಡರ್ ನೋಡುತ್ತಿತ್ತು, ಜನರನ್ನು ನೋಡುತ್ತಿರಲಿಲ್ಲ.

ಕುರ್ಚಿಯಲ್ಲಿ ಕೂತವರು

ಇಷ್ಟು ಹೊತ್ತಿಗೆ ಗುಳ್ಳೆಯ ಚಿಂತೆ ಹೋಗಿತ್ತು. ಬೇರೆ ಚಿಂತೆ ಹತ್ತಿತ್ತು.

2019ರ ಸೆಪ್ಟೆಂಬರ್‌ನಲ್ಲಿ ನಮ್ಮದೇ ರಾಜ್ಯದ ಫ್ಲೆಚರ್‌ನಲ್ಲಿ ಮೌಂಟನ್ ಸ್ಟೇಟ್ ಫೇರ್ ಎಂಬ ಜಾತ್ರೆ ನಡೆಯಿತು. ಅಲ್ಲಿ ಒಂದು ಕಟ್ಟಡದೊಳಗೆ ಹಾಟ್ ಟಬ್‌ಗಳನ್ನು ಪ್ರದರ್ಶನಕ್ಕೆ ಇಟ್ಟಿದ್ದರು. ಜಾತ್ರೆಗೆ ಹೋಗಿದ್ದವರಲ್ಲಿ 130ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ನಾಲ್ಕು ಜನ ಸತ್ತರು. ಕಾಯಿಲೆ ಲೀಜನೇರ್ಸ್, ಲೀಜನೆಲ್ಲಾ ಬ್ಯಾಕ್ಟೀರಿಯಾದಿಂದ ಬರುವ ನ್ಯುಮೋನಿಯಾ. ಟಬ್ಬಿಗೆ ಇಳಿಯಬೇಕಿಲ್ಲ. ಅದರ ನೀರಿನ ಗುಳ್ಳೆ ಒಡೆದು ಏಳುವ ಸಣ್ಣ ಹನಿಗಳು ಉಸಿರಿನ ಜೊತೆ ಒಳಗೆ ಹೋದರೆ ಸಾಕು. ಕಾಯಿಲೆ ಬಿದ್ದವರಲ್ಲಿ ಟಬ್ಬುಗಳ ಪಕ್ಕ ಹಾದುಹೋದವರೇ ಹೆಚ್ಚು ಅಂತ ರಾಜ್ಯದ ಆರೋಗ್ಯ ಇಲಾಖೆಯ ತನಿಖೆಯಲ್ಲಿ ಕಂಡುಬಂತು.

ಐವತ್ತು ದಾಟಿದವರಿಗೆ, ಬೀಡಿ ಸಿಗರೇಟು ಸೇದುವವರಿಗೆ, ಹಿಂದೆ ಸೇದುತ್ತಿದ್ದವರಿಗೆ, ಶ್ವಾಸಕೋಶದ ತೊಂದರೆ ಇರುವವರಿಗೆ ಇದರ ಭಯ ಜಾಸ್ತಿ. ನಮ್ಮ ಟಬ್ಬಿನ ಪಕ್ಕ ಒಂದೂಮುಕ್ಕಾಲು ಗಂಟೆ ಹಬೆಯಲ್ಲಿ ಕೂತಿದ್ದವರು ಯಾರು? ನೀರಿಗಿಳಿಯದ ಅಪ್ಪ. ಸ್ಯೂಡೊಮೊನಾಸ್ ಬೆಳೆದ ನೀರಲ್ಲಿ ಲೀಜನೆಲ್ಲಾ ಇದ್ದೇ ಇರುತ್ತದೆ ಅಂತಲ್ಲ. ಆದರೆ ಎರಡಕ್ಕೂ ಬೇಕಾದ್ದು ಒಂದೇ, ಬೆಚ್ಚಗಿನ ನೀರು, ಲೋಳೆ, ಕಮ್ಮಿ ಕ್ಲೋರಿನ್. ಲಕ್ಷಣ ಕಾಣಿಸೋಕೆ ಸಾಮಾನ್ಯವಾಗಿ ಎರಡರಿಂದ ಹದಿನಾಲ್ಕು ದಿನ. ಡಾಕ್ಟರಿಗೆ ಫೋನ್ ಮಾಡಿದೆ. ಜ್ವರ, ಕೆಮ್ಮು, ಉಸಿರಾಟದ ತೊಂದರೆ ಬಂದರೆ ತಕ್ಷಣ ಕರೆತನ್ನಿ, ಬಂದಾಗ ಹಾಟ್ ಟಬ್ ವಿಷಯ ಮರೆಯದೆ ಹೇಳಿ ಅಂದರು.

ಹದಿನಾಲ್ಕು ದಿನ ಅಪ್ಪನಿಗೆ ಜ್ವರ ಇದೆಯಾ ಅಂತ ನೋಡಿದೆ. ಅವರಿಗೆ ಕಾರಣ ಹೇಳಲಿಲ್ಲ. ಫ್ಲೂ ಸೀಸನ್ ಅಂದೆ. ಅಪ್ಪನ ದಿನನಿತ್ಯದ ಬೆಳಗಿನ ಕೆಮ್ಮಿಗೂ ನಾನು ಎದ್ದು ಕೂರುತ್ತಿದ್ದೆ. ಏನೂ ಆಗಲಿಲ್ಲ.

ಮಾಡಿದ್ದು

ಡಾಕ್ಟರ್ ಕಾಯಿಲೆಯ ಹೆಸರು ಹೇಳಿದ ದಿನದಿಂದಲೇ ಟಬ್ಬಿಗೆ ಬೀಗ. ಸ್ವಚ್ಛ ಮಾಡೋಕೆ ಒಂದು ವಾರಾಂತ್ಯ ಪೂರ್ತಿ ಹಿಡಿಯಿತು. ಜೆಟ್ ಹಾಕಿದಾಗೆಲ್ಲ ಮಾಸ್ಕ್ ಹಾಕಿಕೊಂಡೆ. ಅಪ್ಪನನ್ನು ಒಳಗೇ ಕೂರಿಸಿದೆ.

ಮೊದಲು ಹಳೆಯ ನೀರಿಗೇ ಪೈಪ್ ತೊಳೆಯುವ ದ್ರಾವಣ ಸುರಿದು ಜೆಟ್‌ಗಳನ್ನೆಲ್ಲ ಓಡಿಸಿದೆ. ಇಪ್ಪತ್ತು ನಿಮಿಷಕ್ಕೆ ಕಂದು ನೊರೆ ಎದ್ದಿತು. ಅದರಲ್ಲಿ ನೆನೆದ ಕಾಗದದ ಚೂರಿನಂಥ ಪದರಗಳು. ಇಷ್ಟು ದಿನ ಇದರೊಳಗೆ ಕೂತು ಚಹಾ ಕುಡಿದಿದ್ದೆವು. ಹೆಂಡತಿ ಒಂದು ಸಲ ನೋಡಿ ಒಳಗೆ ಹೋದವಳು ಮತ್ತೆ ಬರಲಿಲ್ಲ.

ಖಾಲಿ ಮಾಡುವ ಮುಂಚೆ ಕರೆಂಟಿನ ಬ್ರೇಕರ್ ಇಳಿಸಿದೆ. ಇದನ್ನು ಮರೆತರೆ ನೀರಿಲ್ಲದೆ ಹೀಟರ್ ಸುಟ್ಟುಹೋಗಬಹುದು. ಕ್ಲೋರಿನ್ ಇರುವ ನೀರನ್ನು ರಸ್ತೆ ಪಕ್ಕದ ಮಳೆನೀರಿನ ಚರಂಡಿಗೆ ಬಿಡಬಾರದು, ಅದು ಸೀದಾ ಹಳ್ಳ ಸೇರುತ್ತದೆ. ಹಾಗಾಗಿ ತೊಳೆದ ನೀರನ್ನು ಒಳಚರಂಡಿಗೆ ಹೋಗುವ ಪೈಪಿಗೆ ಬಿಟ್ಟೆ. ಒಳಗೆಲ್ಲ ಉಜ್ಜಿ, ಜೆಟ್‌ಗಳ ಮುಖ ಬಿಚ್ಚಿ ತೊಳೆದು, ಮತ್ತೆ ತುಂಬಿ, ಎರಡನೇ ಸಲ ಅದೇ ದ್ರಾವಣ. ಈ ಸಲ ನೊರೆ ತೆಳು ಬೂದಿ ಬಣ್ಣಕ್ಕಿತ್ತು. ಮತ್ತೆ ಖಾಲಿ. ಮೂರನೇ ನೀರಿಗೆ ಬ್ಲೀಚ್ ಹಾಕಿ 20 ಪಿಪಿಎಂಗೆ ಏರಿಸಿ, ಹತ್ತು ಗಂಟೆ ಇಳಿಯದ ಹಾಗೆ ನೋಡಿಕೊಂಡು, ಅದನ್ನೂ ಬಿಟ್ಟೆ. ಹಳೆಯ ಫಿಲ್ಟರ್ ಕಸಕ್ಕೆ ಹೋಯಿತು. ತಲೆದಿಂಬುಗಳೂ ಹೋದವು. ಹೊಸ ದಿಂಬು ತರಲಿಲ್ಲ, ಟವೆಲ್ ಸಾಕು.

ಒಂದು ಅನಾಹುತ ಸ್ವಲ್ಪದರಲ್ಲಿ ತಪ್ಪಿತು. ಬ್ಲೀಚ್ ಅಳೆದ ಲೋಟದಲ್ಲೇ ಪಿಎಚ್ ಇಳಿಸುವ ಪುಡಿಯನ್ನು ಅಳೆಯಲು ಹೊರಟಿದ್ದೆ. ಅದು ಆಸಿಡ್. ಲೋಟದ ತಳದಲ್ಲಿ ಬ್ಲೀಚ್ ಇನ್ನೂ ಇತ್ತು. ಎರಡೂ ಸೇರಿದರೆ ಕ್ಲೋರಿನ್ ಗ್ಯಾಸ್. ದೊಡ್ಡ ಮಗಳು ಕಿರುಚಿದಳು, ಶಾಲೆಯ ಕೆಮಿಸ್ಟ್ರಿ ಪಾಠ ಕೆಲಸಕ್ಕೆ ಬಂತು. ಈಗ ಎರಡಕ್ಕೂ ಬೇರೆ ಲೋಟ, ಬೇರೆ ಕಪಾಟು. ಒಂದನ್ನು ಹಾಕಿ, ಪಂಪ್ ಅರ್ಧ ಗಂಟೆ ಓಡಿದ ಮೇಲೆ ಇನ್ನೊಂದು. ಹಾಗೇ ಈಜುಕೊಳದ ಕ್ಲೋರಿನ್ ಮಾತ್ರೆ, ಡೈಕ್ಲೋರ್, ಕ್ಯಾಲ್ಸಿಯಂ ಹೈಪೊಕ್ಲೋರೈಟ್ ಪುಡಿ ಇವನ್ನು ಒಣಗಿದ್ದಾಗಲೂ ಒಂದರ ಜೊತೆ ಒಂದು ಸೇರಿಸಬಾರದು, ಬೆಂಕಿ ಹೊತ್ತಿಕೊಳ್ಳಬಹುದು.

ಈಗ ನಾವು ಹಾಕುವುದು ಬಟ್ಟೆ ಒಗೆಯುವ ಸಾದಾ ಬ್ಲೀಚ್, 7.5 ಶೇಕಡಾದ್ದು. ಸುವಾಸನೆ ಬೆರೆಸಿದ್ದು, ಸಿಡಿಯದ ಹಾಗೆ ಗಟ್ಟಿ ಮಾಡಿದ್ದು ಆಗಲ್ಲ. ನೂರು ಎಂಎಲ್ ಹಾಕಿದರೆ ನಮ್ಮ ಟಬ್ಬಿಗೆ 5 ಪಿಪಿಎಂ ಏರುತ್ತದೆ. ತಾಪತ್ರಯ ಇಲ್ಲದಿಲ್ಲ. ಕವರ್ ಮುಚ್ಚಿದ್ದರೂ ಬಿಸಿನೀರಲ್ಲಿ ಕ್ಲೋರಿನ್ ಬೇಗ ಇಳಿಯುತ್ತದೆ, ಹಾಗಾಗಿ ದಿನಾ ನೋಡಬೇಕು. ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಹೇಳಿ ಹೋಗಬೇಕು. ಈಜುಡುಪು ಬಣ್ಣ ಬಿಡುತ್ತದೆ. ಬೇಡ ಅನ್ನುವವರು ಬ್ರೋಮಿನ್ ಬಳಸುತ್ತಾರೆ, ಅದಕ್ಕೆ ಸಿಡಿಸಿ ಹೇಳುವ ಕನಿಷ್ಠ 4 ಪಿಪಿಎಂ.

ಪಿಎಚ್ ನನ್ನನ್ನು ಒಂದು ತಿಂಗಳು ಆಟವಾಡಿಸಿತು. ಆಸಿಡ್ ಹಾಕಿ 7.4ಕ್ಕೆ ಇಳಿಸುವುದು, ಎರಡು ದಿನಕ್ಕೆ ಅದು 8 ಆಗುವುದು. ಪಿಎಚ್ 7.5ರ ಹತ್ತಿರ ಕ್ಲೋರಿನ್ನಿನ ಅರ್ಧ ಭಾಗ ಚುರುಕಾದ ರೂಪದಲ್ಲಿರುತ್ತದೆ. 8ಕ್ಕೆ ಹೋದರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ಸುಮ್ನೆ ಬಿಡುವ ಹಾಗಿಲ್ಲ. ಕಾರಣ ಜೆಟ್‌ಗಳು. ಸೋಡಾ ಬಾಟಲಿ ಅಲ್ಲಾಡಿಸಿದರೆ ಗ್ಯಾಸ್ ಹೋಗುವ ಹಾಗೆ, ಜೆಟ್ ಗಾಳಿ ಊದಿದಾಗ ನೀರಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್ ಹಾರಿಹೋಗುತ್ತದೆ, ಪಿಎಚ್ ಏರುತ್ತದೆ. ನೀರಿನ ಆಲ್ಕಲಿನಿಟಿ, ಅಂದರೆ ಆಸಿಡ್ ತಡೆದುಕೊಳ್ಳುವ ಶಕ್ತಿ, ಜಾಸ್ತಿ ಇದ್ದಷ್ಟೂ ಈ ಆಟ ಜಾಸ್ತಿ. ಅದನ್ನು 60 ಪಿಪಿಎಂಗೆ ಇಳಿಸಿದ ಮೇಲೆ ಪಿಎಚ್ 7.6ರ ಆಸುಪಾಸಿನಲ್ಲಿ ನಿಂತಿತು.

ನೀರು ಯಾವಾಗ ಬದಲಿಸಬೇಕು ಅನ್ನುವುದಕ್ಕೆ ಇಲ್ಲಿ ಒಂದು ಹಳೆಯ ಲೆಕ್ಕವಿದೆ. ಗ್ಯಾಲನ್ ಸಂಖ್ಯೆಯನ್ನು ಮೂರರಿಂದ ಭಾಗಿಸಿ, ಮತ್ತೆ ದಿನಕ್ಕೆ ಸರಾಸರಿ ಎಷ್ಟು ಜನ ಕೂರುತ್ತಾರೋ ಅದರಿಂದ ಭಾಗಿಸಬೇಕು. ನಮಗೆ 380, ಮೂರು, ಎರಡು. 63 ದಿನ. ಜೂನ್‌ನಲ್ಲಿ ತುಂಬಿದ ನೀರನ್ನು ನಾನು ಅಷ್ಟರೊಳಗೆ ಎರಡು ಸಲ ಬದಲಿಸಿರಬೇಕಿತ್ತು. ಫಿಲ್ಟರನ್ನು ಪ್ರತಿ ಭಾನುವಾರ ಪೈಪ್ ನೀರಲ್ಲಿ ತೊಳೆಯುತ್ತೇನೆ. ತಿಂಗಳಿಗೊಮ್ಮೆ ಕ್ಲೀನರ್‌ನಲ್ಲಿ ರಾತ್ರಿಯಿಡೀ ನೆನೆಹಾಕುತ್ತೇನೆ.

ಮುಂದಿನ ದೀಪಾವಳಿ

2025ರ ಅಕ್ಟೋಬರ್‌ನಲ್ಲಿ ಅದೇ ಸಂಸಾರಗಳು ಮತ್ತೆ ಬಂದವು. ಟಬ್ ಈಗ ಸರಿಯಿದೆಯಾ ಅಂತ ಬರುವ ಮೊದಲು ಫೋನಿನಲ್ಲಿ ಕೇಳಿದರು, ತಮಾಷೆಯಾಗಿ ಕೇಳಿದರೂ ಕೇಳಿದರು. ಎಣ್ಣೆ ಹಚ್ಚಿಕೊಂಡವರೆಲ್ಲ ಮೊದಲು ಬಚ್ಚಲಿಗೆ ಹೋಗಿ ಸೀಗೆಪುಡಿ ಹಾಕಿ ತೊಳೆದುಕೊಂಡು ಬರಬೇಕು, ಒಂದು ಸಲಕ್ಕೆ ನಾಲ್ಕೇ ಜನ ಅಂದೆ. ಸೀಗೆಪುಡಿ ಯಾರ ಮನೆಯಲ್ಲಿದೆ ಅಂತ ನಕ್ಕರು, ಶಾಂಪೂಗೆ ರಾಜಿಯಾಯಿತು.

ಶುರುವಿನಲ್ಲಿ ಫ್ರೀ ಕ್ಲೋರಿನ್ 6 ಇತ್ತು. ಮೊದಲ ನಾಲ್ಕು ಜನ ಅರ್ಧ ಗಂಟೆ ಕೂತು ಎದ್ದಾಗ ಹನಿ ಎಣಿಸಿದೆ. 1.5. ಒಂದು ಅರ್ಧ ಗಂಟೆಗೆ ಇಷ್ಟು ಕುಸಿತ! ನೂರು ಎಂಎಲ್ ಬ್ಲೀಚ್ ಹಾಕಿ, ಪಂಪ್ ಓಡಿಸಿ, ಮಕ್ಕಳನ್ನು ಇಪ್ಪತ್ತು ನಿಮಿಷ ಟವೆಲ್ ಸುತ್ತಿಕೊಂಡು ನಡುಗುತ್ತಾ ಕಾಯಿಸಿದೆ. ಬೈಸಿಕೊಂಡೆ. ಎಲ್ಲ ಮುಗಿದ ಮೇಲೆ ರಾತ್ರಿ ಮತ್ತೆ ಹಾಕಿ, ಬೆಳಗ್ಗೆ ಎದ್ದು ನೋಡಿದಾಗ 3 ಇತ್ತು. ಈ ಸಲ ಯಾರ ಮನೆಯಿಂದಲೂ ಫೋಟೋ ಬರಲಿಲ್ಲ.

ಅಪ್ಪ ಊರಲ್ಲಿದ್ದರು. ವಿಡಿಯೋ ಕಾಲ್‌ನಲ್ಲಿ ಟಬ್ ತೋರಿಸಿದೆ. ದಿಂಬಿನ ಜಾಗ ತೋರಿಸು ಅಂದರು. ಫೋನನ್ನು ಅಲ್ಲಿಗೆ ಹಿಡಿದು ಬೆರಳಲ್ಲಿ ಉಜ್ಜಿ ತೋರಿಸಿದೆ. ಕೀರ್ ಅಂತ ಸದ್ದು ಬಂತು. "ಹಾಂ, ಸರಿ" ಅಂದು ಅಡಿಕೆ ರೇಟಿನ ಮಾತು ತೆಗೆದರು.

ಆ ವಾರವೇ ಹೊಸ ನೀರು ತುಂಬಿದೆ. ಈ ಭಾನುವಾರಕ್ಕೆ ಅದಕ್ಕೆ 63 ದಿನ. ಹೋಸ್ ಪೈಪ್ ಹೊರಗೆ ತೆಗೆದಿಟ್ಟಿದ್ದೇನೆ.